ಗಾಳಿ ಹೋಗದ ಗಾಡಿ

ಪ್ರತಿ ಚಳಿಗಾಲದಲ್ಲೂ ನನ್ನಿಂದ ಗಾಡಿ ಕೊಂಡವರಿಗೆಲ್ಲ ನಾನು ಒಂದೊಂದು ಕಾರ್ಡು ಬರೆಯುತ್ತಿದ್ದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಮರ ಮಾಗಿಯ ಒಣಗಾಳಿಗೆ ಇಳಿಯುತ್ತದೆ, ಗಾಲಿಗೆ ಬಿಗಿದ ಕಬ್ಬಿಣದ ಪಟ್ಟಿ ಸಡಿಲಾಗುತ್ತದೆ. ಅದಕ್ಕೆ ಗಾಲಿಯನ್ನು ಒಂದು ದಿನ ಕೆರೆಯಲ್ಲಿ ಮುಳುಗಿಸಿಡಿ, ಅಚ್ಚಿಗೆ ಎಣ್ಣೆ ಹಾಕಿ, ಬಾಗಿಲು ಬಿಗಿಯಾಗಿದ್ದರೆ ಕೆರೆಯಲು ಹೋಗಬೇಡಿ, ನಾನೇ ಬರುತ್ತೇನೆ ಎಂದು ನಾಲ್ಕು ಸಾಲು. ಒಂದು ಮಧ್ಯಾಹ್ನದಲ್ಲಿ ಆರು ಕಾರ್ಡು ಮುಗಿಯಬೇಕು. ಆ ವರ್ಷ ಮಾತ್ರ ಮೂರು ವಾರ ಹಿಡಿಯಿತು.

ಯುದ್ಧದ ಕಾಲ. ಪೆಟ್ರೋಲು ಇರಲಿಲ್ಲ, ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಊರೂರು ಸುತ್ತಬೇಕಾದವರಿಗೆ ಎತ್ತಿನ ಗಾಡಿಯೇ ಗತಿ. ಕುಂದಾಪುರದ ಹೊಳೆಬದಿಯ ನನ್ನ ಕೊಟ್ಟಿಗೆಯಲ್ಲಿ ನಾನು ಮಾಡುತ್ತಿದ್ದದ್ದು ಬರೀ ಗಾಡಿಯಲ್ಲ, ಬಿಡಾರದ ಗಾಡಿ. ಒಳಗೆ ಒಬ್ಬರು ಕಾಲು ಚಾಚಿ ಮಲಗುವ ಮಂಚ, ಮಂಚದ ಕೆಳಗೆ ಪಾತ್ರೆ ಪಗಡೆಗೆ ಜಾಗ, ಎರಡು ಬದಿಗೂ ಕಿಟಕಿ, ಹಿಂದೆ ಬಾಗಿಲು. ಮೊದಲು ಮಾಡಿದ ಮೂರಕ್ಕೆ ಬಿದಿರಿನ ತಟ್ಟಿಯ ಗೋಡೆ. ಇರಚಲು ಹೊಡೆದರೆ ಒಳಗಿದ್ದವರು ಒದ್ದೆ. ಆ ವರ್ಷ ನಾನು ಹಲಗೆಯ ಗೋಡೆಗೆ ಕೈ ಹಾಕಿದೆ.

ಅದಕ್ಕೆ ಜೊತೆಯಾದವನು ಗಂಗೊಳ್ಳಿಯ ದೋಣಿ ಮೇಸ್ತ್ರಿ. ನನಗಿಂತ ಹತ್ತು ವರ್ಷ ದೊಡ್ಡವನು. ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುಂಬಿ ರಾಳ ಮೆತ್ತುವುದು ಅವನ ಕಸುಬು. ಅದೇ ಕೆಲಸವನ್ನು ಗಾಡಿಯ ಗೋಡೆಗೂ ಮಾಡಿದ. ಕಿಟಕಿಗೆ, ಬಾಗಿಲಿಗೆ ಅಂಚು ತೆಗೆದು ಒಂದರೊಳಗೊಂದು ಕೂರುವ ಹಾಗೆ ನಾನು ಮಾಡಿದೆ. ಗಿರಾಕಿಗಳು ಬಂದಾಗ ಒಳಗೆ ಒಂದು ದೀಪ ಹಚ್ಚಿಟ್ಟು, ಬಾಗಿಲು ಮುಚ್ಚಿ, ಹೊರಗಿನಿಂದ ಬೀಸಣಿಗೆ ಬೀಸಿ ತೋರಿಸುತ್ತಿದ್ದೆ. ಆಮೇಲೆ ಬಾಗಿಲ ಬಳಿಯ ಸಣ್ಣ ಗಾಜಿನಲ್ಲಿ ನೋಡಲು ಹೇಳುತ್ತಿದ್ದೆ. ಜ್ವಾಲೆ ಅಲ್ಲಾಡುತ್ತಿರಲಿಲ್ಲ. ಗಾಳಿ ಹೋಗದ ಗಾಡಿ ಎಂದು ನಾನೇ ಹೆಸರಿಟ್ಟಿದ್ದೆ.

ಅಂಥವು ಮೂರು ಹೋಗಿದ್ದವು. ಒಂದು ಕೆರಾಡಿಯ ಕಾಡಿನಲ್ಲಿ ಮರ ಕಡಿಸುವ ಕೂಪಿನ ಲೆಕ್ಕ ಬರೆಯುವ ರೈಟರಿಗೆ. ಒಂದು ಬ್ರಹ್ಮಾವರದಲ್ಲಿದ್ದು ಹಳ್ಳಿ ತಿರುಗಿ ಸಿಡುಬಿನ ದಾಕು ಹಾಕುವ ಇನ್‌ಸ್ಪೆಕ್ಟರಿಗೆ. ಇನ್ನೊಂದು ಬಿಜೂರಿನ ಒಬ್ಬ ತೆಂಗಿನಕಾಯಿ ವ್ಯಾಪಾರಿಗೆ. ನಾಲ್ಕನೆಯದು ಬೈಂದೂರಿನ ಗಿರಾಕಿಗೆಂದು ಕೊಟ್ಟಿಗೆಯಲ್ಲಿ ಅರ್ಧ ಆಗಿತ್ತು.

ಕಾರ್ಡು ಬರೆಯಲು ಕೂತ ದಿನವೇ ಕೆರಾಡಿಯ ರೈಟರ ಕಾಗದ ಬಂತು. ಗಾಡಿಯಲ್ಲಿ ಮಲಗಿದರೆ ಬೆಳಿಗ್ಗೆ ತಲೆನೋವು, ವಾಂತಿ. ಮೊನ್ನೆ ಇಳಿಯುವಾಗ ಎತ್ತಿನ ಕಾಲ ಬುಡದಲ್ಲೇ ಬಿದ್ದೆ. ಗಾಡಿಯ ಕೆಳಗೆ ಚಾಪೆ ಹಾಸಿ ಮಲಗುವ ಅಡುಗೆಯವನಿಗೆ ಏನೂ ಇಲ್ಲ. ಬಂದು ನೋಡಬೇಕು.

ಹೆಮ್ಮಾಡಿಯವರೆಗೆ ದೋಣಿಯಲ್ಲಿ, ಅಲ್ಲಿಂದ ವಂಡ್ಸೆ ದಾಟಿ ನಡೆದು ಕೆರಾಡಿ ಮುಟ್ಟಿದೆ. ಘಟ್ಟದ ಬುಡ, ಗಂಟೆ ಹನ್ನೊಂದಾದರೂ ಹುಲ್ಲಿನ ಮೇಲಿನ ಇಬ್ಬನಿ ಆರಿರಲಿಲ್ಲ. ರೈಟರು ಸಣಕಲು ಮನುಷ್ಯ, ಮುಖ ಇನ್ನಷ್ಟು ಇಳಿದಿತ್ತು.

"ಬೆಳ್ಗಾತ ತಲೆ ಎತ್ತುಕೆ ಆತಿಲ್ಲೆ ಆಚಾರ್ರೆ," ಎಂದರು. "ಕಾಲ್ ನಂದೇ ಅಲ್ಲ ಅನ್ಸತ್ತ್."

ನಾನು ಗಾಡಿಯೊಳಗೆ ಹೋಗಿ ಮೂಸಿದೆ. ಗೆದ್ದಲು ಹಿಡಿಯದಿರಲಿ ಎಂದು ತಳದ ಹಲಗೆಗೆ ಗೇರುಸಿಪ್ಪೆಯ ಎಣ್ಣೆ ಬಳಿದಿದ್ದೆ. ಆ ಎಣ್ಣೆ ಮೈಗೆ ತಾಗಿದರೆ ಸುಡುತ್ತದೆ, ಅದರ ಹೊಗೆ ಮುಖಕ್ಕೆ ಬಡಿದರೆ ಊದಿಕೊಳ್ಳುತ್ತದೆ. ಅದೇ ಇರಬೇಕು ಎಂದುಕೊಂಡೆ. ಮಂಚದ ಕೆಳಗಿದ್ದ ಪೆಟ್ಟಿಗೆ, ಬಟ್ಟೆಗಂಟು, ಬೂದಿ ತುಂಬಿದ ಒಂದು ಮಡಕೆ, ಎಲ್ಲವನ್ನೂ ನನ್ನ ಕೈಯಿಂದಲೇ ಹೊರಗಿಟ್ಟೆ. ಎರಡು ದಿನ ಕೂತು ತಳದ ಹಲಗೆಯನ್ನೆಲ್ಲ ಉಳಿಯಿಂದ ಕೆರೆದು, ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಬಿಟ್ಟು, ಎಲ್ಲವನ್ನೂ ಮೊದಲಿನಂತೆ ಒಳಗಿಟ್ಟು ಬಂದೆ. ಆ ಮಡಕೆಯನ್ನೂ ಅದರ ಜಾಗದಲ್ಲೇ ಇಟ್ಟೆ.

ವಾರದೊಳಗೆ ಇನ್ನೊಂದು ಕಾಗದ. ಹಾಗೇ ಇದೆ. ಜೊತೆಗೆ ಒಂದು ಹೊಸ ಮಾತು. ಗಾಡಿಯ ಹಲಗೆಯ ಮರ ಯಾವ ಜಾಗದ್ದು ಎಂದು ಕೂಲಿಯಾಳುಗಳು ಕೇಳುತ್ತಿದ್ದಾರೆ, ಹಾಯ್ಗುಳಿಯ ಬನದ ಬದಿಯ ಹೆಬ್ಬಲಸು ಎಂದು ಸುದ್ದಿಯಾಗಿದೆ, ದೈವದ ಮರದಲ್ಲಿ ಮಲಗಿದರೆ ಹೀಗೇ ಆಗುವುದು ಎನ್ನುತ್ತಾರೆ.

ಮರ ನಾನು ಕೊಂಡದ್ದು ವಂಡ್ಸೆಯ ಒಬ್ಬರಿಂದ. ಯಾವ ಬನದ ಬದಿ ಎಂದು ನಾನು ಕೇಳಿರಲಿಲ್ಲ. ಒಂದೇ ಮರದ ಹಲಗೆ ಮೂರೂ ಗಾಡಿಗೆ ಹೋಗಿತ್ತು. ದೈವದ ಮಾತನ್ನು ತೆಗೆದುಹಾಕುವಷ್ಟು ಧೈರ್ಯ ನನಗಿರಲಿಲ್ಲ, ಒಪ್ಪಿಕೊಳ್ಳಲೂ ಮನಸ್ಸಾಗಲಿಲ್ಲ. ಹಾಗಾದರೆ ಉಳಿದ ಎರಡರಲ್ಲೂ ಇದೇ ಆಗಬೇಕಲ್ಲ ಎಂದು ಬ್ರಹ್ಮಾವರಕ್ಕೆ ಹೊರಟೆ.

ದಾಕಿನ ಇನ್‌ಸ್ಪೆಕ್ಟರು ಗಟ್ಟಿಮುಟ್ಟಾಗಿದ್ದರು. ಹೆಬ್ರಿಯ ಕಡೆ ಒಂದು ತಿಂಗಳು ತಿರುಗಿ ಆಗಷ್ಟೇ ಬಂದಿದ್ದರಂತೆ, ತಲೆನೋವು ವಾಂತಿ ಏನೂ ಇಲ್ಲ. ಆದರೆ ನನ್ನನ್ನು ಕಂಡ ಕೂಡಲೇ ಬೈದರು. ಎಡಗಡೆಯ ಕಿಟಕಿ ಮೊದಲ ದಿನದಿಂದಲೂ ಸರಿಯಾಗಿ ಮುಚ್ಚುವುದಿಲ್ಲ, ಎರಡು ಬೆರಳು ಸಂದಿ, ಘಟ್ಟದ ಬುಡದಲ್ಲಿ ನಡುಗಿಹೋದೆ, ಸೂಜಿ ಕುದಿಸುವ ಇದ್ದಲಿನ ಒಲೆಯನ್ನೇ ಒಳಗಿಟ್ಟುಕೊಂಡು ಮಲಗಬೇಕಾಯಿತು ಎಂದರು. ನೋಡಿದರೆ ಹೌದು, ಹಲಗೆ ತಿರುಚಿಕೊಂಡಿತ್ತು. ನನಗೆ ನಾಚಿಕೆಯಾಯಿತು. ಹಲಗೆ ಹೆರೆಯುವ ಕೀಸುಳಿ ತಂದಿರಲಿಲ್ಲ. ಬರುವ ವಾರ ಬಂದು ಸರಿ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ.

ಅಲ್ಲಿಂದ ಹೊರಟಾಗ ತಲೆ ಮೊದಲಿಗಿಂತ ಗೊಂದಲ. ಅದೇ ಮರ, ಅದೇ ಎಣ್ಣೆ, ಅದೇ ಕೈ. ಒಬ್ಬರು ಸಾಯುವ ಹಾಗಿದ್ದಾರೆ, ಒಬ್ಬರು ಕಿಟಕಿಗೆ ಜಗಳವಾಡುತ್ತಿದ್ದಾರೆ.

ರಾತ್ರಿ ಬ್ರಹ್ಮಾವರದಲ್ಲೇ ಉಳಿದು, ಬೆಳಿಗ್ಗೆ ಮಾಬುಕಳದ ಹೊಳೆ ದಾಟಿ ಈಚೆ ದಡದಲ್ಲಿ ಕುಂದಾಪುರದ ಬಸ್ಸಿಗೆ ಕಾದೆ. ಆಗಿನ ಬಸ್ಸುಗಳ ಹಿಂದೆ ಇದ್ದಲಿನ ಒಲೆ ಕಟ್ಟಿರುತ್ತಿದ್ದರು. ಇದ್ದಲು ಉರಿಸಿ ಬರುವ ಗ್ಯಾಸಿನಿಂದ ಇಂಜಿನು ಓಡಬೇಕು. ಡ್ರೈವರು ತಾನೇ ಇಳಿದು ಒಲೆಗೆ ಗಾಳಿ ಹಾಕುತ್ತಿದ್ದ. ಅವನು ಸಾಲಿಗ್ರಾಮದ ಕಡೆಯವನು, ನನಗೆ ಮುಖಪರಿಚಯ. ಬೆಳಗಿನ ಚಳಿಗೆ ಕೈ ಕಾಯಿಸಿಕೊಳ್ಳೋಣ ಎಂದು ನಾನು ಒಲೆಯ ಹತ್ತಿರ ಹೋದೆ.

"ದೂರ ನಿಲ್ಲಿ ಮಾರಾಯ್ರೆ," ಎಂದ. "ಹೊಗಿ ಕಾಣುದಿಲ್ಲೆ ಅಂದೇಳಿ ಹತ್ರ ಬರ್ಬೇಡಿ. ಹೊಗಿ ಇಲ್ದೇ ಇಪ್ಪುದೇ ಕೆಟ್ಟದ್."

ಏಕೆ ಎಂದು ಕೇಳಿದೆ. ಏಕೆಂದು ಅವನಿಗೂ ಗೊತ್ತಿರಲಿಲ್ಲ. ಹೋದ ಮಳೆಗಾಲದಲ್ಲಿ ಒಬ್ಬ ಕ್ಲೀನರು ಬಸ್ಸಿನ ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಒಲೆಯ ಪಕ್ಕದಲ್ಲಿ ಮಲಗಿದ್ದನಂತೆ. ಬೆಳಿಗ್ಗೆ ಎಳೆದು ಹೊರಗೆ ಹಾಕಿದ ಮೇಲೆ ವಾಂತಿ ಮಾಡಿಕೊಂಡನಂತೆ, ಎರಡು ದಿನ ಕಾಲು ನಿಲ್ಲಲಿಲ್ಲವಂತೆ. ಅಲ್ಲಿಂದ ಮುಂದೆ ಬಸ್ಸಿನವರೆಲ್ಲ ಹುಷಾರು.

ಕಾಲು ನಿಲ್ಲಲಿಲ್ಲ ಎಂದಾಗ ನನಗೆ ಕೆರಾಡಿಯ ಬೂದಿ ಮಡಕೆ ಕಣ್ಣಿಗೆ ಕಟ್ಟಿತು. ಅದು ಸೊಳ್ಳೆಯ ಹೊಗೆಗೆ ಇಟ್ಟದ್ದು ಎಂದುಕೊಂಡು ಎತ್ತಿಟ್ಟಿದ್ದೆ. ಚಳಿಗೆ ಕೆಂಡ ಇಟ್ಟುಕೊಳ್ಳುತ್ತೀರಾ ಎಂದು ರೈಟರನ್ನು ನಾನು ಕೇಳಲೇ ಇಲ್ಲ, ಅವರೂ ಹೇಳಲಿಲ್ಲ. ಕೆಂಡ ಚಳಿಗೆ ಎಲ್ಲರೂ ಇಟ್ಟುಕೊಳ್ಳುತ್ತಾರೆ, ಅದರಲ್ಲಿ ಹೇಳುವಂಥದ್ದೇನಿದೆ? ಆದರೆ ಬಸ್ಸು ಕೋಟ ದಾಟುವಷ್ಟರಲ್ಲಿ ಆ ಸಮಾಧಾನವೂ ಹೋಯಿತು. ದಾಕಿನವರೂ ಇದ್ದಲಿನ ಒಲೆ ಇಟ್ಟುಕೊಂಡೇ ಮಲಗುತ್ತಾರೆ. ಅವರಿಗೇಕೆ ಏನೂ ಇಲ್ಲ?

ಕೊಟ್ಟಿಗೆಗೆ ಬಂದು ಎಲ್ಲವನ್ನೂ ದೋಣಿ ಮೇಸ್ತ್ರಿಗೆ ಹೇಳಿದೆ. ಅವನು ಬೈಂದೂರಿನ ಗಾಡಿಯ ಸಂದಿಗೆ ಹತ್ತಿ ಒತ್ತುತ್ತಿದ್ದ. ಪೂರಾ ಕೇಳಿ, ಉಳಿ ಕೆಳಗಿಟ್ಟ.

"ಅವ್ರ ಕಿಟ್ಕಿ ಸಮ ಮುಚ್ಚುದಿಲ್ಲೆ ಅಂದ್ರಲ್ದಾ?"

"ಹೌದ್. ಅದಕ್ಕೆಂತ?"

"ನಾವ್ ಚೆಂದ ಮಾಡಿದ್ದೇ ತಪ್ಪಾಯ್ತಾ ಕಾಣ್."

ಅವನು ಅದನ್ನು ತಮಾಷೆಗೆ ಹೇಳಿದನೋ ನಿಜಕ್ಕೆ ಹೇಳಿದನೋ ನನಗೆ ತಿಳಿಯಲಿಲ್ಲ. ನನಗೆ ಸಿಟ್ಟು ಬಂತು. ಜೀವಮಾನದಲ್ಲಿ ಅಷ್ಟು ಚೊಕ್ಕವಾಗಿ ಯಾವ ಕೆಲಸವನ್ನೂ ನಾನು ಮಾಡಿರಲಿಲ್ಲ.

ಪರೀಕ್ಷೆ ಮಾಡಿ ನೋಡೋಣ ಎಂದೆ. ಮಾರನೆಯ ದಿನ ಊಟದ ಮುಂಚೆ ಬೈಂದೂರಿನ ಗಾಡಿಯೊಳಗೆ ಒಂದು ಮಡಕೆ ಕೆಂಡ ಇಟ್ಟು, ಬಾಗಿಲು ಮುಚ್ಚಿಕೊಂಡು ಕೂತೆ. ಮೇಸ್ತ್ರಿ ಹೊರಗೆ ಕೂತು ಆಗಾಗ ಹಲಗೆಗೆ ತಟ್ಟಬೇಕು, ನಾನು ಒಳಗಿಂದ ತಿರುಗಿ ತಟ್ಟಬೇಕು, ತಟ್ಟದಿದ್ದರೆ ಅವನು ಬಾಗಿಲು ತೆಗೆಯಬೇಕು. ಬಹಳ ಹೊತ್ತು ಕೂತೆ. ಬೆವರು ಬಂತು, ಬೇರೇನೂ ಇಲ್ಲ. ಹೊರಗೆ ಬಂದು ನೋಡಿದರೆ ಬಾಗಿಲ ಮೇಲಿನ ಹಲಗೆಗೆ ಇನ್ನೂ ಹತ್ತಿ ಒತ್ತಿರಲಿಲ್ಲ, ಕೈ ಹಿಡಿದರೆ ಬಿಸಿಗಾಳಿ ಬರುತ್ತಿತ್ತು. ಅದನ್ನೂ ಒತ್ತಿಸಿ, ರಾಳ ಒಣಗಲು ಎರಡು ದಿನ ಬಿಟ್ಟು, ಮತ್ತೆ ಕೂತೆ. ಈ ಸಲ ಹಣೆಯ ಎರಡೂ ಬದಿ ಮಿಡಿಯತೊಡಗಿತು. ಮೇಸ್ತ್ರಿ ತಟ್ಟಿದ್ದು ಕೇಳುತ್ತಿತ್ತು. ತಟ್ಟಬೇಕು ಎಂದು ಗೊತ್ತಿತ್ತು. ಆಮೇಲೆ ತಟ್ಟಿದರಾಯಿತು ಎನ್ನಿಸಿತು. ಅಷ್ಟರಲ್ಲಿ ಬಾಗಿಲು ತೆರೆದು ಅವನು ನನ್ನ ತೋಳು ಹಿಡಿದು ಎಳೆಯುತ್ತಿದ್ದ.

ಹೊಳೆಯ ಗಾಳಿಗೆ ಕೂತು ನೀರು ಕುಡಿದ ಮೇಲೆ ತಲೆ ತಿಳಿಯಾಯಿತು. ಆದರೂ ಇದೇ ಕಾರಣ ಎಂದು ಗಟ್ಟಿಯಾಗಿ ಹೇಳಲಾರೆ. ಬೆಳಗಿನಿಂದ ಗಂಜಿ ಕುಡಿದಿರಲಿಲ್ಲ. ಹೆದರಿಕೆ ಬೇರೆ ಇತ್ತು. ಹೆದರಿದವನಿಗೆ ತಲೆ ತಿರುಗುವುದು ದೊಡ್ಡ ಮಾತಲ್ಲ ಎಂದು ಮೇಸ್ತ್ರಿಯೂ ಹೇಳಿದ. ಇದ್ದಲಿನಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ಒಂದು ವಿಷದ ಗಾಳಿ ಹುಟ್ಟುತ್ತದೆ ಎಂದು ಒಬ್ಬ ಡಾಕ್ಟರು ನನಗೆ ಬಿಡಿಸಿ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಆಗ ನನ್ನ ಹತ್ತಿರ ಇದ್ದದ್ದು ಒಬ್ಬ ಡ್ರೈವರನ ಮಾತು, ಒಂದು ಮುಚ್ಚದ ಕಿಟಕಿ, ಅರ್ಧ ತಾಸಿನ ತಲೆನೋವು.

ಕಾರ್ಡು ಬರೆಯುತ್ತೇನೆ ಎಂದಾಗ ಮೇಸ್ತ್ರಿ ಬೇಡವೆಂದ. ಗೊತ್ತಾಗದೆ ಬರೆದರೆ ನಗುತ್ತಾರೆ, ಗೊತ್ತಾದ ಮೇಲೆ ಬರೆದರೆ ಬೈಯುತ್ತಾರೆ, ಎರಡರಲ್ಲೂ ಮುಂದೆ ಯಾರೂ ಗಾಡಿ ಮಾಡಿಸುವುದಿಲ್ಲ ಎಂದ. ಅವನ ಮಾತು ತಪ್ಪಲ್ಲ. ನಾನು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಕೆಲಸ ಮಾಡುವಾಗ, ಆಮೇಲೆ ತಟ್ಟಿದರಾಯಿತು ಎಂದು ನನಗೆ ಅನ್ನಿಸಿದ್ದು ನೆನಪಾಯಿತು. ಹಲಗೆ ತಟ್ಟುವವರು ಯಾರೂ ಇಲ್ಲದೆ ಅಲ್ಲಿ ಮಲಗಿದವರಿಗೆ ಏನು ಗತಿ? ಕಾರಣ ಗೊತ್ತಾಗುವವರೆಗೆ ಕಾಯುವುದು ಬೇಡ ಎಂದು ಆಗ ತೀರ್ಮಾನಿಸಿದೆ.

ಗಾಲಿ, ಅಚ್ಚು, ಎಣ್ಣೆಯ ಮಾತು ಎಂದಿನಂತೆ ಬರೆದು, ಕೆಳಗೆ ಹೀಗೆ ಸೇರಿಸಿದೆ: "ಹಲಗೆಯ ಗೋಡೆಯ ಗಾಡಿಯಲ್ಲಿ ಕೆಂಡ ಇಟ್ಟುಕೊಂಡು ಕಿಟಕಿ ಬಾಗಿಲು ಮುಚ್ಚಿ ಮಲಗಬೇಡಿ. ಜೀವಕ್ಕೆ ಅಪಾಯವಾದೀತು ಎಂದು ನನಗೆ ಅನುಮಾನ. ಕಾರಣ ಸರಿಯಾಗಿ ನನಗೆ ಗೊತ್ತಿಲ್ಲ. ತಪ್ಪು ನನ್ನ ಕೆಲಸದ್ದೇ. ಬಂದು ಗಾಳಿಗೆ ತೂತು ಕೊರೆದು ಕೊಡುತ್ತೇನೆ." ಬ್ರಹ್ಮಾವರದವರಿಗೆ, ಕಿಟಕಿಯನ್ನು ದಯವಿಟ್ಟು ಹಾಗೇ ಬಿಡಿ ಎಂದು ಇನ್ನೊಂದು ಸಾಲು.

ಕಾರ್ಡು ಹಾಕಿ ನೇರ ಕೆರಾಡಿಗೆ ಹೋದೆ. ಮಾಡಿನ ಕೆಳಗೆ ಎರಡು, ತಳದ ಹತ್ತಿರ ಎರಡು ತೂತು ಕೊರೆದೆ. ನಾಲ್ಕು ದಿನದಲ್ಲಿ ರೈಟರ ತಲೆನೋವು ಹೋಯಿತು. ಆದರೆ ನಾನು ತೂತು ಕೊರೆದ ದಿನವೇ ಕೂಪಿನವರು ದೈವ ಮೈಮೇಲೆ ಬರುವ ಪಾತ್ರಿಯನ್ನು ಕರೆಸಿ ಹಾಯ್ಗುಳಿಗೆ ಹರಕೆ ಒಪ್ಪಿಸಿದ್ದರು. ದೈವ ಒಪ್ಪಿಕೊಂಡಿತು ಎಂದು ಅವರು ಸಂತೋಷದಲ್ಲಿದ್ದರು. ರೈಟರು ನನಗೂ ಪ್ರಸಾದ ಕೊಟ್ಟರು. ತೆಗೆದುಕೊಂಡೆ. ಯಾವುದರಿಂದ ಗುಣವಾಯಿತು ಎಂದು ನಾನೂ ಗಟ್ಟಿಯಾಗಿ ಹೇಳಲಾರೆ.

ಬಿಜೂರಿನಿಂದ ಮಾತ್ರ ಉತ್ತರವೇ ಇಲ್ಲ. ಅಲ್ಲಿ ಸಮುದ್ರ ಹತ್ತಿರ, ಅಂಥ ಚಳಿಯಿಲ್ಲ, ಕೆಂಡ ಯಾರಿಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ. ತೂತು ಕೊರೆಯುವ ಬೈರಿಗೆಯನ್ನು ಚೀಲಕ್ಕೆ ಹಾಕಿ ಹೊರಟೆ.

ವ್ಯಾಪಾರಿಯ ಅಂಗಳಕ್ಕೆ ಕಾಲಿಟ್ಟಾಗ ಗಾಡಿಯನ್ನು ತೊಳೆದು ನಿಲ್ಲಿಸಿದ್ದರು. ಅವರ ಮಗಳು ತವರಿನಲ್ಲಿ ಹೆತ್ತು ಮೂರು ತಿಂಗಳಾಗಿತ್ತು. ಮಾರನೆಯ ಬೆಳಿಗ್ಗೆ ಶಿಶುವಿನೊಂದಿಗೆ ಅವಳನ್ನು ಬಾರ್ಕೂರಿನ ಗಂಡನ ಮನೆಗೆ ಕಳಿಸುವುದಂತೆ. ವ್ಯಾಪಾರಿಯ ಹೆಂಡತಿ ಮಂಚದ ಕೆಳಗೆ ಒಂದು ಹೊಸ ಮಡಕೆ ಇಟ್ಟು ಇದ್ದಲು ತುಂಬುತ್ತಿದ್ದರು. ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುವುದು ನಮ್ಮ ಕಡೆಯ ರೂಢಿ. ಅದು ನನಗೆ ಹೊಳೆದಿರಲೇ ಇಲ್ಲ.

ಕಾರ್ಡು ಬಂದಿಲ್ಲವೇ ಎಂದು ಕೇಳಿದೆ. ಬಂದಿದೆ ಎಂದು ವ್ಯಾಪಾರಿ ಚಾವಡಿಯ ತಂತಿಗೆ ಚುಚ್ಚಿದ್ದನ್ನು ತೋರಿಸಿದರು. ಬರೀ ಗಾಲಿ ಎಣ್ಣೆಯ ಮಾತು ಎಂದು ಮೇಲಿನ ಎರಡು ಸಾಲು ಓದಿ ಚುಚ್ಚಿಬಿಟ್ಟಿದ್ದರು. ಈಗ ಪೂರಾ ಓದಿ ಹೆಂಡತಿಯ ಮುಖ ನೋಡಿದರು.

ಆಕೆ ಇಳಿದು ಬಂದರು. "ಗಾಳಿ ಹೋಪುದಿಲ್ಲೆ ಅಂದೇಳಿ ಕೊಟ್ಟದ್ ನೀವೇ. ಈಗ ನೀವೇ ಓಟೆ ಮಾಡುಕೆ ಬಂದ್ರ್ಯಾ?"

"ನಾನೇ ಅಮ್ಮ. ಅದೇ ತಪ್ಪಾದ್ದ್."

"ಬಾಣಂತಿಗೆ ಗಾಳಿ ಬಡ್ದ್ರೆ ಯಾರ್ ಕಾಂಬುದ್? ಕೆಂಡ ಬೇಡ ಅಂಬುಕೆ ಕಾರಣ ಎಂತ?"

"ಸಮ ಗೊತ್ತಿಲ್ಲೆ."

ಗೊತ್ತಿಲ್ಲದವನ ಮಾತು ಕೇಳಿ ಬಾಣಂತಿಯನ್ನು ಚಳಿಯಲ್ಲಿ ಕಳಿಸುವುದೇ ಎಂದು ಆಕೆ ಗಂಡನನ್ನು ಕೇಳಿದರು. ನಾನು ಕೆರಾಡಿಯ ಕತೆ ಹೇಳಿದೆ, ಕ್ಲೀನರನ ಕತೆ ಹೇಳಿದೆ. ಹೇಳುತ್ತ ಹೋದಂತೆ ನನಗೇ ಅದು ಪೊಳ್ಳಾಗಿ ಕೇಳಿಸುತ್ತಿತ್ತು. ಆಗ ಚಾವಡಿಯ ಬಾಗಿಲಲ್ಲಿ ನಿಂತಿದ್ದ ಮಗಳು ಮಾತಾಡಿದಳು.

"ನಿನ್ನಿ ನಾ ಕೆಂಡ ಇಟ್ಕಂಡ್ ಒಳ್ಗೆ ಮನಿಕಂಡ್ ಕಂಡಿದೆ ಅಬ್ಬಿ. ಶಿಶು ಅಳುದ್ ನಿಲ್ಸ್ತ್. ನಿದ್ರಿ ಬಂತ್ ಅಂದೇಳಿ ಎಣ್ಸಿದೆ. ಎಷ್ಟ್ ಎಬ್ಸಿರೂ ಕಣ್ ಬಿಡ್ಲಿಲ್ಲೆ. ಹೊರ್ಗೆ ತಂದ್ ಮೇಲೆ ಅತ್ತದ್."

ವ್ಯಾಪಾರಿ ಕೊರೆಯಿರಿ ಎಂದು ನನಗೆ ಕೈಸನ್ನೆ ಮಾಡಿದರು. ನಾನು ಗಾಡಿಯ ಬಲಬದಿಗೆ ಮೇಲೊಂದು ಕೆಳಗೊಂದು ತೂತು ಕೊರೆದೆ. ಅದು ಮೂರರಲ್ಲಿ ಅತ್ಯಂತ ಚೊಕ್ಕವಾಗಿ ಕೂತ ಗೋಡೆ. ಬೈರಿಗೆ ಒಳಗೆ ಇಳಿಯುವಾಗ ಹಲ್ಲು ಕಚ್ಚಿಕೊಂಡೆ. ಎಡಬದಿಗೆ ಬಾಣಂತಿಯ ಮಂಚ, ಆ ಬದಿಗೆ ಕೈ ಹಚ್ಚಲು ವ್ಯಾಪಾರಿಯ ಹೆಂಡತಿ ಬಿಡಲಿಲ್ಲ. ಕೆಂಡವನ್ನೂ ಬಿಡಲಿಲ್ಲ. ಮಗುವಿಗೆ ಜೋರು ನಿದ್ದೆ ಬಂದದ್ದಕ್ಕೆಲ್ಲ ಗಾಡಿ ಒಡೆಯುತ್ತಾರೆಯೇ ಎಂದರು.

ನಾನು ಕುಂದಾಪುರಕ್ಕೆ ಹೇಗೂ ಹೋಗಬೇಕಿತ್ತು. ಗಾಡಿಯ ಜೊತೆಗೇ ನಡೆದು ಬರುತ್ತೇನೆ ಎಂದೆ. ಬೆಳಿಗ್ಗೆ ಹೊರಟಾಗ ಮಂಚದ ಮೇಲೆ ಮಗಳು ಮತ್ತು ಶಿಶು, ಕೆಳಗೆ ಮಡಕೆಯ ಪಕ್ಕದಲ್ಲಿ ತಾಯಿ, ಮುಂದೆ ವ್ಯಾಪಾರಿ. ನಾಗೂರಿನ ಹತ್ತಿರ ನೋಡಿದರೆ ತೂತಿಗೆ ಒಳಗಿನಿಂದ ಬಟ್ಟೆ ತುರುಕಿತ್ತು. ಕಡ್ಡಿಯಿಂದ ಒಳಗೆ ತಳ್ಳಿದೆ. ಮರವಂತೆ ಮುಟ್ಟುವಾಗ ಮತ್ತೆ ಬಟ್ಟೆ ಬಂದಿತ್ತು. ಮತ್ತೆ ತಳ್ಳಿದೆ. ನಡುವೆ ಒಂದೊಂದು ಸಲ ಹಲಗೆಗೆ ತಟ್ಟುತ್ತಿದ್ದೆ. ಒಳಗಿನಿಂದ ಮಗಳು ಬೆರಳಿನಲ್ಲಿ ತಟ್ಟುತ್ತಿದ್ದಳು. ನಾನು ಅವಳಿಗೆ ಹಾಗೆ ಹೇಳಿಕೊಟ್ಟಿರಲಿಲ್ಲ. ದಾರಿಯಲ್ಲಿ ಊಟಕ್ಕೆ ನಿಂತಲ್ಲಿ ತಾಯಿ ಒಲೆಯಿಂದ ಹೊಸ ಕೆಂಡ ತುಂಬಿಸಿಕೊಂಡರು.

ಹೆಮ್ಮಾಡಿಯ ಕಡವಿಗೆ ಬಂದಾಗ ಬಿಸಿಲು ಬಾಗುತ್ತಿತ್ತು. ಗಾಡಿ ದಾಟಿಸುವ ಜೋಡಿದೋಣಿ ಆಚೆ ದಡದಲ್ಲಿತ್ತು, ಕಾಯಬೇಕು. ನಾನು ಹಲಗೆಗೆ ತಟ್ಟುವ ಮುಂಚೆಯೇ ಒಳಗಿನಿಂದ ಬೆರಳಿನ ಸದ್ದು ಬಂತು, ಬೇಗಬೇಗ. ಓಡಿಹೋಗಿ ಬಾಗಿಲು ತೆಗೆದೆ. ಮಗಳು ಕಿಟಕಿಗೆ ಮುಖ ಒತ್ತಿ ಕೂತಿದ್ದಳು, ಕಿಟಕಿಯನ್ನು ತಾನೇ ಅರ್ಧ ತೆಗೆದುಕೊಂಡಿದ್ದಳು. ಶಿಶು ಅವಳ ಹೆಗಲ ಮೇಲೆ ಕಣ್ಣು ಬಿಟ್ಟುಕೊಂಡಿತ್ತು. ತಾಯಿ ಮಡಕೆಯ ಪಕ್ಕದಲ್ಲಿ ಗೋಡೆಗೆ ಒರಗಿದ್ದರು. ಕರೆದರೆ ಹ್ಞಾ ಎಂದರು, ಏಳಲಿಲ್ಲ.

ವ್ಯಾಪಾರಿಯೂ ನಾನೂ ಸೇರಿ ಆಕೆಯನ್ನು ಇಳಿಸಿ ಹೊಳೆಯ ಅಂಚಿಗೆ ಕರೆತಂದೆವು. ಅಲ್ಲಿ ವಾಂತಿಯಾಯಿತು. ಗಂಡ ಮುಖಕ್ಕೆ ನೀರು ಹಾಕಿದರು. ನಾನು ಮಡಕೆಯನ್ನು ತಂದು ಹೊಳೆಗೆ ಮಗುಚಿದೆ, ಚುಂಯ್ ಎಂದಿತು.

ಬಹಳ ಹೊತ್ತಿನ ಮೇಲೆ ಆಕೆ ತಲೆ ಎತ್ತಿ ಕೂತರು. ಮಧ್ಯಾಹ್ನ ಸರಿಯಾಗಿ ಉಣ್ಣಲಿಲ್ಲ, ಹೊಟ್ಟೆ ಖಾಲಿ ಇತ್ತು, ಗಾಡಿಯ ಕುಲುಕಾಟ ಬೇರೆ, ಅದಕ್ಕೇ ಹೀಗಾಯಿತು ಎಂದರು. ಇರಬಹುದು ಎಂದೆ. ನಾನೂ ಅಂದು ಗಂಜಿ ಕುಡಿದಿರಲಿಲ್ಲವಲ್ಲ. ಜೋಡಿದೋಣಿ ಈ ದಡಕ್ಕೆ ತಾಗಿತು. ಎತ್ತುಗಳನ್ನು ಬಿಚ್ಚಿದರು. ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಗಂಡನ ತೋಳು ಹಿಡಿದು ಗಾಡಿಯವರೆಗೆ ನಡೆದು ಬಂದರು. ನನ್ನ ಮುಖ ನೋಡಲಿಲ್ಲ.

"ಆ ಬದಿಗೂ ಒಂದ್ ಓಟೆ ಮಾಡಿ," ಎಂದರು.

ನಾನು ಬೈರಿಗೆ ತೆಗೆದೆ. ಎಲ್ಲಿ ಎಂದು ಕೇಳುವ ಮುಂಚೆಯೇ ಆಕೆ ಎಡಬದಿಯ ಹಲಗೆಯ ಮೇಲೆ ಬೆರಳಿಟ್ಟು ತೋರಿಸಿದರು. ಒಳಗೆ ಅದೇ ಜಾಗದಲ್ಲಿ ಶಿಶುವಿನ ತಲೆದಿಂಬು ಇತ್ತು.